ಹುಳದ ಮನೆಯ ನಾಲ್ಕು ಓಟು

ಪಂಚಾಯ್ತಿ ಚುನಾವಣೆಯಲ್ಲಿ ನಮ್ಮಕ್ಕ ಗೆದ್ದಿದ್ದು ಮೂರೇ ಮೂರು ಓಟಿನಲ್ಲಿ. ಸಾತನೂರು ಕಡೆಯ ನಮ್ಮೂರಿನಲ್ಲಿ ಈಗಲೂ ಯಾರಾದರೂ ಆ ಗೆಲುವಿಗೆ ನನ್ನ ಓಡಾಟವೇ ಕಾರಣ ಎಂದರೆ ನಾನು ಮಾತು ಬದಲಿಸುತ್ತೇನೆ. ನನ್ನ ಓಡಾಟದಿಂದ ಅವಳು ಸೋಲಲಿಲ್ಲ ಎಂಬುದೇ ದೊಡ್ಡದು.

ಮತದಾನಕ್ಕೆ ಒಂದು ವಾರವಿತ್ತು. ಎದುರಾಳಿಯ ಕಡೆಯವರು ಕೆಳಗಿನ ಬೀದಿಗೆ ಆಗಲೇ ಎರಡು ಸುತ್ತು ಬಂದು ಹೋಗಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಕರಪತ್ರದ ಕಟ್ಟು ಹಿಡಿದು ಒಬ್ಬನೇ ಹೊರಟೆ. ಮೊದಲ ಮನೆಯಲ್ಲಿ ರೇಷ್ಮೆಹುಳಕ್ಕೆ ಹಾಲುತೊಂಡೆ ರೋಗ ಬಂದು, ಗಂಡ ಹೆಂಡತಿ ಇಬ್ಬರೂ ಸತ್ತ ಹುಳ ಆಯ್ದು ಬುಟ್ಟಿಗೆ ಹಾಕುತ್ತಿದ್ದರು. ಅಯ್ಯೋ ಪಾಪ ಎಂದು ನಾನೂ ಒಂದಷ್ಟು ಹೊತ್ತು ಕೈ ಹಾಕಿದೆ. ಅಲ್ಲಿಂದ ನೇರವಾಗಿ ಪಕ್ಕದ ಮನೆಯ ಅಜ್ಜಿಯ ಹುಳದ ಮನೆಗೆ ನುಗ್ಗಿದೆ.

ರೋಗದ ಹುಳ ಮುಟ್ಟಿದವನು ಸ್ನಾನ ಮಾಡದೆ ಇನ್ನೊಬ್ಬರ ಹುಳದ ಮನೆಯ ಹೊಸ್ತಿಲು ತುಳಿಯಬಾರದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಓಟಿನ ಭೂತ ಹಿಡಿದಿತ್ತು, ಅಷ್ಟೇ. ಅಜ್ಜಿಯ ಹುಳ ನಾಲ್ಕನೇ ಜ್ವರದಿಂದ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಸೊಪ್ಪನ್ನು ಕರಕರ ತಿನ್ನುತ್ತಿದ್ದವು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಎಲ್ಲಿಂದ ಬಂದ್ಯಪ್ಪ?”

“ಮನೆಯಿಂದ ಕಣಜ್ಜಿ.”

ಸುಳ್ಳು ಬಾಯಿಂದ ಜಾರಿತು. ಅವಳ ಮನೆಯಲ್ಲಿ ನಾಲ್ಕು ಓಟಿದ್ದವು.

ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟೆ ಪಕ್ಕಕ್ಕೆ ಸರಿಸಿದೆ. ಅಕ್ಕನಿಗೆ ಹೇಳಿಬಿಟ್ಟೆ. ಅವಳು ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು.

“ಓಟಿನ ಮನೆ ಹಾಳಾಗೋಗ್ಲಿ. ಎದ್ದೋಗಿ ಹೇಳ್ಬುಟ್ಟು ಬಾ. ಆವಮ್ಮನ ಬೆಳೆ ಕೆಟ್ರೆ ನಾನು ಗೆದ್ದು ಏನ್ ಮಾಡ್ಲಿ?”

ಸ್ನಾನ ಮಾಡಿ ಹೋದೆ. ಅಜ್ಜಿಯ ಅಂಗಳದಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದೆ. “ನಿನ್ ಕೈ ಸೇದೋಗ!” ಎಂದು ಶಾಪ ಹಾಕುತ್ತಲೇ ಅವಳು ಸುಣ್ಣದ ಪುಡಿಯ ಡಬ್ಬ ಎತ್ತಿಕೊಂಡು ಹುಳಕ್ಕೆ ಉದುರಿಸಲು ಒಳಗೆ ಓಡಿದಳು. ಆ ನಾಲ್ಕು ಓಟಿನ ಆಸೆಯನ್ನು ನಾವು ಅಲ್ಲಿಗೇ ಬಿಟ್ಟೆವು. ಆಮೇಲಿನ ವಾರವೆಲ್ಲ ಯಾರ ಮನೆ ಮುಂದೆ ಕೈ ಮುಗಿದು ನಿಂತರೂ ನನ್ನ ಕಿವಿ ಕೆಳಗಿನ ಬೀದಿಯ ಕಡೆಗೇ ಇತ್ತು. ಅಲ್ಲಿಂದ ಗೋಳಾಟ ಕೇಳಿಬಿಟ್ಟರೆ ಎಂಬ ಭಯ.

ಮತದಾನದ ದಿನ ಅಜ್ಜಿ ಶಾಲೆಯ ಹತ್ತಿರ ತಡವಾಗಿ ಬಂದಳು. ನನ್ನನ್ನು ಕಂಡು ನಿಂತಳು.

“ಹುಳ ಹಣ್ಣಾಗವೆ ಕಣ್ಲಾ. ಎಲ್ಲಾನೂ ಚಂದ್ರಿಕೆಗೆ ಬುಟ್ಟು ಬರೋ ಹೊತ್ಗೆ ಇಷ್ಟೊತ್ತಾಯ್ತು. ಲೈನು ಉದ್ದ ಐತಾ?”

ಹುಳ ಹಣ್ಣಾಗುವುದೆಂದರೆ ಗೂಡು ಕಟ್ಟಲು ಸಿದ್ಧವಾಗುವುದು; ಚಂದ್ರಿಕೆ ಎಂದರೆ ಅವು ಗೂಡು ಕಟ್ಟುವ ಬಿದಿರಿನ ತಟ್ಟೆ. ಬದುಕಿದೆ ಎನಿಸಿತು. ಅವಳು ಓಟು ಯಾರಿಗೆ ಹಾಕುತ್ತಾಳೆ ಎಂಬುದು ಆ ಹೊತ್ತಿನಲ್ಲಿ ತಲೆಗೇ ಬರಲಿಲ್ಲ. ಹೊಂಗೆಮರದ ಬುಡದಲ್ಲಿ ಕುಸಿದು ಕೂತು, ನಾಚಿಕೆ ಬಿಟ್ಟು ಅತ್ತೆ.

ಆಮೇಲೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಉಸ್ಸಪ್ಪಾ ಎಂದಳು.

“ಇನ್ ಸೋತ್ರೂ ಚಿಂತಿಲ್ಲ ಬುಡ್ಲಾ. ಆ ಬೀದೀಲಿ ತಲೆ ಎತ್ಕಂಡು ಓಡಾಡ್ಬೌದು.”