ಮೊಳೆಗೆ ನೇತುಹಾಕಿದ ಮಣಿಸರ

ನಮ್ಮ ಮನೆಯಲ್ಲಿ ಗೋಡೆಯ ಮೊಳೆಗೆ ಸಿಕ್ಕಿಸಿದ್ದೆಲ್ಲ ಸಾರ್ವಜನಿಕ ಆಸ್ತಿ. ನನ್ನ ಕೊಡೆ ನಾನಿಲ್ಲದೆ ಎಷ್ಟೋ ಮದುವೆಗಳಿಗೆ ಹೋಗಿ ಬಂದಿದೆ. ನನ್ನ ಕೋಟು ನನಗಿಂತ ಹೆಚ್ಚು ಸಲ ಮೈಸೂರು ನೋಡಿದೆ. ಇದೆಲ್ಲ ಗೊತ್ತಿದ್ದೂ ಆ ಮಣಿಸರವನ್ನು ಮೊಳೆಗೇ ನೇತುಹಾಕಿದೆವು.

ಸರ ಬಂದ ಬಗೆ ಹೇಳಬೇಕು. ನಾಲ್ಕನೆಯ ಹೆರಿಗೆಯಲ್ಲಿ ನನ್ನ ಹೆಂಡತಿ ಗೌರಮ್ಮ ಉಳಿದದ್ದೇ ಹೆಚ್ಚು. ಚಾಮರಾಜನಗರದ ಡಾಕ್ಟರಮ್ಮ ನನ್ನನ್ನು ಆಚೆಗೆ ಕರೆದು, "ಇನ್ನೊಂದು ಬಸಿರಾದರೆ ಆಕೆ ತಡೆಯೋದಿಲ್ಲ, ತಿಳಿದಿರಲಿ" ಎಂದರು. ಗುಂಡ್ಲುಪೇಟೆಯ ಅರಿಶಿನ ಮಂಡಿಯಲ್ಲಿ ಕೂತು, ಮಳೆ ಬಂದರೆ ಕೊಂಬು ಕೊಳೆತೀತೆಂದೂ ಬಾರದಿದ್ದರೆ ಒಣಗೀತೆಂದೂ ಕೊರಗುವವನು ನಾನು. ಇಷ್ಟು ದೊಡ್ಡ ಚಿಂತೆಯನ್ನು ಒಂದೇ ಕಂತಿಗೆ ಯಾರೂ ನನಗೆ ಕೊಟ್ಟಿರಲಿಲ್ಲ.

ಈ ಸರವನ್ನು ಕೊಟ್ಟವರೂ ಆ ಡಾಕ್ಟರಮ್ಮನೇ. ಮುಟ್ಟಾದ ದಿನದಿಂದ ಬೆಳಿಗ್ಗೆಗೊಂದರಂತೆ ಮಣಿಯನ್ನು ಗಂಟಿನಿಂದ ಈಚೆಗೆ ಎಳೆಯಬೇಕು. ಹಸಿರು ಮಣಿ ಬಂದ ದಿನ ಗಂಡ ಹೆಂಡತಿ ಒಟ್ಟಿಗಿರಬಹುದು. ಬಸಿರಾಗಬಹುದಾದ ದಿನಗಳ ಕೆಂಪು ಮಣಿಗಳು ಬಂದಾಗ ಗಂಡನ ಹಾಸಿಗೆ ಜಗಲಿಗೆ. ಮಣಿ ಎಳೆಯುವುದು ಗೌರಮ್ಮನ ಕೆಲಸ, ಎಳೆದಳೋ ಇಲ್ಲವೋ ಎಂದು ಮೂರು ಸಲ ಕೇಳುವುದು ನನ್ನದು. "ಎದ್ದ ತಕ್ಷಣ ಹೆಂಡ್ತಿ ಮುಖ ನೋಡೋರುಂಟು. ನೀವು ಮೊಳೆ ನೋಡ್ತೀರಿ" ಎಂದು ಅವಳ ಚುಚ್ಚುಮಾತು.

ಯೋಚಿಸಿ ನೋಡಿ. ನಮ್ಮ ಜನ ಬಾವಿ ತೋಡಲು, ಎತ್ತು ಕೊಳ್ಳಲು, ಕ್ಷೌರಕ್ಕೆ ಕೂರಲು ಕೂಡ ಪಂಚಾಂಗ ತೆಗೆಯುತ್ತಾರೆ. ಒಂದು ಜೀವವನ್ನು ಭೂಮಿಗೆ ಕರೆಯುವ ಕೆಲಸಕ್ಕೆ ಮಾತ್ರ ಮೊದಲ ರಾತ್ರಿ ಒಂದು ಮುಹೂರ್ತ ನೋಡಿದರೆ ಮುಗಿಯಿತು. ಆಮೇಲೆ ಪಂಚಾಂಗವೂ ಕಣ್ಣು ಮುಚ್ಚಿಕೊಳ್ಳುತ್ತದೆ. ಆ ಲೆಕ್ಕದಲ್ಲಿ ನಮ್ಮ ಸರ ಪಂಚಾಂಗಕ್ಕಿಂತ ಒಂದು ಕೈ ಮೇಲೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಬೀಗಿದ್ದು ಅವ್ವ ತನ್ನೂರು ಉಡಿಗಾಲದಿಂದ ಬರುವವರೆಗೆ.

ಅವ್ವ ಬಂದು ವಾರವಾಗಿತ್ತು. ಒಂದು ಮಧ್ಯಾಹ್ನ ಮಂಡಿಯಿಂದ ಬೇಗ ಬಂದೆ. ಅವ್ವ ಜಗಲಿಯ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ, "ಸಿವ ಸಿವ" ಎನ್ನುತ್ತಾ ಮಣಿ ಎಳೆಯುತ್ತಿದ್ದಳು. ಹಸಿರು, ಹಸಿರು, ಕೆಂಪು, ಕೆಂಪು, ಮತ್ತೆ ಹಸಿರು! ಒಂದೊಂದು 'ಸಿವ'ಕ್ಕೂ ನಮ್ಮ ಒಂದೊಂದು ದಿನ ಉರುಳುತ್ತಿತ್ತು.

"ಇದು ಯಾವ ಮಠದ್ದು ಕಣ್ಲಾ? ಕೈಗೆ ಸಲೀಸಾಗಿ ಕೂರ್ತದೆ."

"ಆಸ್ಪತ್ರೇಲಿ ಕೊಟ್ರು ಕಣವ್ವ" ಎಂದೆ. ಬೇರೇನೂ ಹೊಳೆಯಲಿಲ್ಲ.

"ಅಂಗಾರೆ ಒಳ್ಳೇ ಆಸ್ಪತ್ರೆ ಬುಡು. ಸೂಜಿ ಚುಚ್ಚೋದ್ ಬುಟ್ಟು ಸಿವನ ಗ್ಯಾನ ಮಾಡುಸ್ತಾರಲ್ಲ! ಬಂದಾಗಿಂದ ದಿನಾ ಮಾಡ್ತಾವ್ನಿ."

ದಿನಾ! ಅಂದರೆ ಆ ವಾರ ನಾವು ನಂಬಿದ ಹಸಿರು ಗೌರಮ್ಮ ಎಳೆದ ಹಸಿರೋ, ಅವ್ವ ತೂಕಡಿಸಿ ನಿಲ್ಲಿಸಿದ ಹಸಿರೋ?

ಒಳಗೆ ಹೋಗಿ ಗೌರಮ್ಮನಿಗೆ ಹೇಳಿದೆ. ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. ಕಳೆದ ಸಲ ಮುಟ್ಟಾದದ್ದು ಯಾವತ್ತು? ಮರದಿಂದ ಹುಣಿಸೆಹಣ್ಣು ಬಡಿಸಿದ ಮಾರನೇ ದಿನ ಎಂದಳು ಅವಳು. ಅದಕ್ಕೂ ಮುಂಚೆ, ಸಂತೆಯ ದಿನ ಎಂದೆ ನಾನು. ಮಣಿ ನೆನಪಿಟ್ಟುಕೊಳ್ಳುತ್ತದೆಂದು ನಾವಿಬ್ಬರೂ ನಿಶ್ಚಿಂತೆಯಾಗಿ ಮರೆತಿದ್ದೆವು. "ನಂಗೇನಾದ್ರೂ ಆದ್ರೆ ಮಕ್ಕಳನ್ನ ಯಾರು ನೋಡ್ಕೊಳ್ತಾರೆ?" ಎಂದಳು, ಮೆಲ್ಲಗೆ. ನಾನು ಬಸ್ಸಿನ ವೇಳೆ ವಿಚಾರಿಸಲು ಹೊರಟೆ.

ಚಾಮರಾಜನಗರದ ಬಸ್ಸು ಅವತ್ತು ಹೋದಷ್ಟು ನಿಧಾನವಾಗಿ ಎತ್ತಿನಗಾಡಿಯೂ ಹೋಗಲಾರದು. ಎಲ್ಲವನ್ನೂ ಕೇಳಿಸಿಕೊಂಡ ಡಾಕ್ಟರಮ್ಮ ನಗಲಿಲ್ಲ. "ಲೆಕ್ಕ ತಪ್ಪಿದ ಮೇಲೆ ಊಹೆ ಮಾಡಬೇಡಿ. ಮತ್ತೆ ಮುಟ್ಟಾಗೋವರೆಗೆ ಎಲ್ಲಾ ಮಣಿಯೂ ಕೆಂಪೇ ಅಂತ ತಿಳ್ಕೊಳ್ಳಿ. ಆದ ದಿನದಿಂದ ಹೊಸದಾಗಿ ಶುರು ಮಾಡಿ. ಆಗದೇ ಹೋದರೆ ಮುಚ್ಚಿಟ್ಟುಕೊಂಡು ಕೂರದೆ ಕರಕೊಂಡು ಬನ್ನಿ" ಎಂದರು. ಬಾಗಿಲ ತನಕ ಬಂದ ಮೇಲೆ, "ಸರಿಯಾಗಿ ಎಣಿಸಿದರೂ ಒಂದೊಂದು ಸಲ ತಪ್ಪುತ್ತೆ, ಅದೂ ನೆನಪಿರಲಿ" ಎಂದು ಸೇರಿಸಿದರು. ಸಮಾಧಾನ ಹುಡುಕಿಕೊಂಡು ಹೋದವನು ಇನ್ನೊಂದು ಚಿಂತೆ ಕಟ್ಟಿಸಿಕೊಂಡು ಬಂದೆ.

ಆಮೇಲಿನದು ಬರೀ ಕಾಯುವುದು. ಗೌರಮ್ಮ ಹಣೆ ಮುಟ್ಟಿಕೊಂಡರೆ ನಾನು ಬೆರಳು ಮಡಚಿ ದಿನ ಎಣಿಸುತ್ತಿದ್ದೆ; ಅವಳು ಕಾಫಿ ಬೇಡವೆಂದರೆ ನನಗೂ ಸೇರುತ್ತಿರಲಿಲ್ಲ. ಒಂದು ದಿನ ಮಾವಿನಕಾಯಿಗೆ ಉಪ್ಪು ಹಚ್ಚುತ್ತಿದ್ದಳು. ನಾನು ಕಂಬ ಹಿಡಿದು ನಿಂತೆ. "ಮಾವಿನ ಕಾಲದಲ್ಲಿ ಮಾವಿನಕಾಯಿ ತಿನ್ನೋದೂ ತಪ್ಪಾ? ಅತ್ತೆಗೆ ಕಣ್ರೀ ಇದು!" ಎಂದು ಗದರಿದಳು. ಜಗಲಿಗೆ ಬಿದ್ದ ನನ್ನ ಹಾಸಿಗೆ ಕಂಡು ಅವ್ವ, "ಏನ್ಲಾ, ಎಂಡ್ರ ಜೊತೆ ಜಗಳವಾ?" ಎಂದು ಕೆಣಕಿದಳು. ಸೆಕೆ ಎಂದೆ. ಆ ಹೊತ್ತಿಗೆ ಸರಿಯಾಗಿ ಬೆಟ್ಟದ ಕಡೆಯ ಚಳಿಗಾಳಿ ಬೀಸಿತು.

ಕೊನೆಗೆ ಒಂದು ಬೆಳಿಗ್ಗೆ ಗೌರಮ್ಮ ಜಗಲಿಗೆ ಬಂದು ಸರವನ್ನು ನನ್ನ ಕೈಗಿಟ್ಟಳು. ಮಣಿಗಳೆಲ್ಲ ಗಂಟಿನ ಆಚೆ; ಈಚೆಗೆ ಬಂದಿದ್ದುದು ಒಂದೇ ಒಂದು, ಮುಟ್ಟಾದ ಮೊದಲ ದಿನದ್ದು. ಆ ಒಂದನ್ನೇ ನಾನು ಮೂರು ಸಲ ಎಣಿಸಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಬಾಗಿಲಲ್ಲಿ ಅವ್ವ ನಿಂತಿದ್ದಳು. ಹಿಂದಿನ ದಿನವೇ ಸೊಸೆ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದಳಂತೆ.

"ಮೊದ್ಲೇ ಯೋಳಬಾರ್ದಾಗಿತ್ತಾ? ಎತ್ತ ತಾಯಿ ಮುಂದೆ ಎಂತಾ ನಾಚ್ಕೆಲಾ ನಿಂಗೆ?" ಎಂದಳು. ಹಡೆದವರಲ್ಲಿ ಉಳಿದವರಿಗಿಂತ ಮಣ್ಣಿಗೆ ಕೊಟ್ಟವರೇ ಹೆಚ್ಚಾದ ತಾಯಿ ಅವಳು. ಸರವನ್ನು ನನ್ನ ಕೈಯಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, "ಈ ಮಣಿ ಎಳೀವಾಗ ನಾನು ಸಿವನ್ನ ಕೇಳ್ತಿದ್ದುದೂ ಅದ್ನೇ ಕಣ್ಲಾ. ಗೌರಿ ಉಳ್ಕೊಳ್ಳಲಿ ಅಂತ" ಎಂದಳು.

ಊರಿಗೆ ಹೊರಟಾಗ ಬಸ್ಸು ಹತ್ತುತ್ತಾ ಒಂದು ಅಪ್ಪಣೆ ಮಾಡಿದಳು: "ನಿನ್ ತಂಗಿಗೂ ಇಂತದೊಂದು ಈಸ್ಕೊಂಡ್ ಕೊಡ್ಲಾ."

ಈಗ ಆ ಗೋಡೆಯಲ್ಲಿ ಎರಡು ಮೊಳೆ. ಒಂದರಲ್ಲಿ ಕೆಂಪು ಹಸಿರಿನ ಸರ, ಇನ್ನೊಂದರಲ್ಲಿ ಅವ್ವ ಬಂದಾಗ ಬೇಕಾಗುತ್ತದೆಂದು ನಾನು ತಂದ ರುದ್ರಾಕ್ಷಿ. ಬೆಳಿಗ್ಗೆ ಎದ್ದು ಮೊದಲನೆಯದನ್ನು ಎಣಿಸುತ್ತೇನೆ, ಎರಡನೆಯದಕ್ಕೆ ಕೈ ಮುಗಿಯುತ್ತೇನೆ. ನನ್ನಂಥ ಅಂಜುಬುರುಕನ ಮನೆಗೆ ಒಂದು ಮೊಳೆ ಸಾಲದು.