ತಲೆಗೆ ಹಾಕಿಕೊಳ್ಳದ ನೀರು

ನಮ್ಮ ಮನೆಯಲ್ಲಿ ಸ್ನಾನ ಎಂಬ ಮಾತಿಗೆ ಎರಡು ಅರ್ಥವಿತ್ತು. ಒಂದು ಶನಿವಾರ ಸಂಜೆಯದು. ಅಮ್ಮ ಹಂಡೆಗೆ ಉರಿ ಹಾಕಿ, ಸೀಗೆಪುಡಿ ಕಲಸಿ, ನಮ್ಮನ್ನು ಹಿಡಿದು ಉಜ್ಜುತ್ತಿದ್ದಳು. ಭಾನುವಾರ ಚರ್ಚಿಗೆ ಹೋಗುವ ಮಕ್ಕಳ ಕತ್ತಿನ ಸಂದಿಯಲ್ಲಿ ಚಿತ್ರದುರ್ಗದ ಧೂಳು ಕಾಣಬಾರದು ಎಂಬುದು ಅವಳ ಕಟ್ಟಳೆ. ಇನ್ನೊಂದು ಕ್ರೈಸ್ತರಾಗುವವರಿಗೆ ಕೊಡುವ ದೀಕ್ಷಾಸ್ನಾನ. ಅದು ಜನ್ಮಕ್ಕೆ ಒಂದೇ ಸಲ, ಆದರೆ ಅದರ ಮಾತು ಮಾತ್ರ ವಾರಕ್ಕೊಮ್ಮೆಯಾದರೂ ಬರುತ್ತಿತ್ತು.

ಅಪ್ಪನ ಮನೆಯವರು ತಲೆಮಾರುಗಳಿಂದ ಕ್ರೈಸ್ತರು. ಅವನು ಕೈಗೂಸಾಗಿದ್ದಾಗಲೇ ಹಣೆಗೆ ಒಂದಿಷ್ಟು ನೀರು ಹಾಕಿಸಿಕೊಂಡವನು. ಅಮ್ಮ ಹಾಗಲ್ಲ. ಅವಳದು ಹಿರಿಯೂರು ತಾಲ್ಲೂಕಿನಲ್ಲಿ, ಆದಿವಾಲದ ಆಚೆಯ ಹಳ್ಳಿಯೊಂದರಲ್ಲಿ ಕುರಿ ಸಾಕುವ ಮನೆ. ಹಿರಿಯೂರಿನ ಹಾಸ್ಟೆಲಿನಲ್ಲಿದ್ದು ಓದುವಾಗ ಗೆಳತಿಯ ಜೊತೆ ಪ್ರಾರ್ಥನೆಗೆ ಹೋಗಿ, ಕೇಳಿ, ನಂಬಿ, ಪ್ರಾಯಕ್ಕೆ ಬಂದ ಮೇಲೆ ಮಾರಿಕಣಿವೆ ಅಣೆಕಟ್ಟಿನ ನಾಲೆಯಲ್ಲಿ ಮುಳುಗಿ ಎದ್ದವಳು. ಆ ಹೆಮ್ಮೆ ಅವಳಿಗೆ ಕೊನೆಗೂ ಇಳಿಯಲಿಲ್ಲ.

"ನಿಮ್ದು ಚಿಮುಕ್ಸಿದ್ದು ಕಣ್ರಿ. ಹುಣಸೆಹಣ್ಣು ನೆನೆಯಾಕೂ ಅಷ್ಟು ನೀರು ಸಾಲಲ್ಲ," ಅನ್ನುತ್ತಿದ್ದಳು.

"ಮುಳುಗಿದೋರಿಗೇ ರಕ್ಷಣೆ ಅನ್ನಂಗಿದ್ರೆ ಮಾರಿಕಣಿವೆ ಮೀನಿಗೆಲ್ಲ ನಿನಗಿಂತ ಮುಂಚೆ ಸಿಗಬೇಕಿತ್ತು," ಅನ್ನುತ್ತಿದ್ದ ಅಪ್ಪ, ಪೇಪರಿನಿಂದ ತಲೆ ಎತ್ತದೆ.

ನಾವು ಮಕ್ಕಳು ನಗುತ್ತಿದ್ದೆವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಮ್ಮ ಮನೆಯ ಮಟ್ಟಿಗೆ ಊಟದ ತನಕವೂ ಉಳಿಯುತ್ತಿರಲಿಲ್ಲ. ಆದರೆ ಆ ನಾಲೆಯ ಕಥೆಗೆ ಇನ್ನೊಂದು ಮುಖವಿತ್ತು, ಅದನ್ನು ಹೇಳುವಾಗ ಅಮ್ಮ ನಗುತ್ತಿರಲಿಲ್ಲ.

ಅವಳು ಮುಳುಗಿ ಎದ್ದ ದಿನ, ನಾಲೆಯ ಏರಿಯ ಮೇಲೆ ಅವಳ ಊರಿನವನೊಬ್ಬ ಕುರಿ ಹೊಡೆದುಕೊಂಡು ಹೋಗುತ್ತಿದ್ದನಂತೆ. ಬಿಳಿ ಸೀರೆ ಉಟ್ಟ ಹುಡುಗಿ, ಅವಳ ಬೆನ್ನಿಗೆ ಕೈ ಕೊಟ್ಟು ನೀರಿಗೆ ಬಗ್ಗಿಸುತ್ತಿರುವ ಪಾದ್ರಿ. ಇಷ್ಟನ್ನು ಕಂಡವನೇ ಕುರಿಯನ್ನು ಜೊತೆಗಾರನಿಗೆ ಒಪ್ಪಿಸಿ ಊರಿಗೆ ಓಡಿದ. ತಾತನ ಮನೆ ಅಂಗಳದಲ್ಲಿ ನಿಂತು ಏದುಸಿರಲ್ಲಿ ಹೇಳಿದ್ದು ಒಂದೇ ಮಾತು: "ನಿಮ್ಮ ಹುಡುಗೀನ ನಾಲೇಲಿ ಮುಳುಗ್ಸಿಬಿಟ್ರು."

ನಮ್ಮ ಕಡೆ ಮುಳುಗಿದರು ಅಂದರೆ ಹೋದರು ಅಂತಲೇ ಅರ್ಥ. ಮುಳುಗಿ ಮತ್ತೆ ಎದ್ದರು ಎನ್ನುವುದಕ್ಕೆ ಯಾರೂ ಓಡಿಬಂದು ಸುದ್ದಿ ಹೇಳುವುದಿಲ್ಲ. ಅಜ್ಜಿ ಒಲೆಯ ಮೇಲಿನ ಮುದ್ದೆಯ ಎಸರನ್ನು ಹಾಗೇ ಬಿಟ್ಟು ಎದೆ ಬಡಿದುಕೊಂಡು ಬೀದಿಗೆ ಬಂದಳಂತೆ. ಬಂಧುಗಳೆಲ್ಲ ಸೇರಿದರು. ಗಾಡಿ ಕಟ್ಟುವಷ್ಟರಲ್ಲಿ ಹಿರಿಯೂರಿನಿಂದ ಬಂದ ಇನ್ನೊಬ್ಬ ಸರಿಯಾದ ಸುದ್ದಿ ತಂದ. ಹುಡುಗಿ ಬದುಕಿದ್ದಾಳೆ, ಒದ್ದೆ ಸೀರೆಯಲ್ಲಿ ನಗುತ್ತಾ ನಿಂತಿದ್ದಳು, ಧರ್ಮ ಮಾತ್ರ ಬೇರೆಯಾಗಿದೆ.

ತಾತ ಜಗಲಿಯಿಂದ ಎದ್ದನಂತೆ. ಆಮೇಲೆ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, "ಮುಳುಗಿದ್ಲು ಅಂದ್ನಲ್ಲ, ಸರಿಯಾಗೇ ಅಂದ. ಎಲ್ಲಾರೂ ತಲೆಗೆ ನೀರು ಹಾಕ್ಕಳ್ರಿ," ಅಂದ.

ಸತ್ತವರ ಸುದ್ದಿ ಬಂದಾಗ ಮಾಡುವ ಸ್ನಾನ ಅದು. ಬಂಧುಗಳು ಒಬ್ಬೊಬ್ಬರಾಗಿ ಹಿತ್ತಲ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದರೆ, ಆ ಮನೆಗೂ ಹೋದವರಿಗೂ ಋಣ ಹರಿದಂತೆ. ಹೀಗೆ ಒಂದೇ ದಿನ ಅಮ್ಮನ ಹೆಸರಲ್ಲಿ ಎರಡು ಸ್ನಾನವಾದವು. ಒಂದು ಅವಳು ನಾಲೆಯಲ್ಲಿ ಮಾಡಿದ್ದು, ಇನ್ನೊಂದು ಅವಳಿಗಾಗಿ ಊರಲ್ಲಿ ಮಾಡಿದ್ದು.

ತಾತ ಇರುವವರೆಗೂ ಅಮ್ಮ ಆ ಹೊಸ್ತಿಲು ತುಳಿಯಲಿಲ್ಲ. ಅಜ್ಜಿ ಮಾತ್ರ ಹಿರಿಯೂರಿನ ಸಂತೆಗೆ ಬರುವ ನೆಪದಲ್ಲಿ ಮಗಳನ್ನು ನೋಡುತ್ತಿದ್ದಳು. ನಾವು ಬಸ್ಸಿನಲ್ಲಿ ಹೋಗಿ ಸಂತೆಯ ಹುಣಸೆಮರದ ಕೆಳಗೆ ಕಾಯುತ್ತಿದ್ದೆವು. ಅವಳ ಮಡಿಲಿಂದ ಹುರಿಗಡಲೆ, ಕೊಬ್ಬರಿ ಚೂರು, ಒಮ್ಮೊಮ್ಮೆ ಕುರಿಹಾಲಿನ ಗಿಣ್ಣು ಹೊರಬರುತ್ತಿತ್ತು. ಆ ಗಿಣ್ಣಿನ ರುಚಿ ಈಗ ಯಾವ ಬೇಕರಿಯಲ್ಲೂ ಸಿಗುವುದಿಲ್ಲ, ಬಿಡಿ. ತಾತ ಸಂತೆಯ ಆ ಕೊನೆಯಲ್ಲಿ ಕುರಿ ವ್ಯಾಪಾರ ಮಾಡುತ್ತಾ ನಿಂತಿರುತ್ತಿದ್ದ, ನಮ್ಮ ಕಡೆ ಬೆನ್ನು ಮಾಡಿ. ಅವನ ಕಂಬಳಿಯ ಬೆನ್ನಷ್ಟೇ ನನಗೆ ನೆನಪಿರುವುದು.

ತಾತ ಹೋದ ಮೇಲೆ ಅಜ್ಜಿ ಕಣ್ಣಿನ ಪೊರೆ ತೆಗೆಸಲು ಚಿತ್ರದುರ್ಗಕ್ಕೆ ಬಂದಳು. ಬಂದವಳು ಒಂದು ವರ್ಷಕ್ಕೂ ಮಿಕ್ಕಿ ನಮ್ಮಲ್ಲೇ ಉಳಿದಳು. ನಾನಾಗ ಕಾಲೇಜಿನಲ್ಲಿ ಪಾಠ ಹೇಳಲು ಸೇರಿ ಹೊಸದು. ಕಪ್ಪು ಕನ್ನಡಕ ಹಾಕಿಕೊಂಡು ವರಾಂಡದಲ್ಲಿ ಕೂತು ಬೀದಿಯವರನ್ನೆಲ್ಲ "ಬರ್ರಿ, ಕುಂತ್ಕಳ್ರಿ," ಎಂದು ಕರೆಯುತ್ತಿದ್ದ ಅವಳನ್ನು ನೋಡಿದರೆ ಆ ಮನೆ ಯಾವಾಗಲೂ ಅವಳದೇ ಆಗಿತ್ತೇನೋ ಅನ್ನಿಸುತ್ತಿತ್ತು. ಭಾನುವಾರ ಅಮ್ಮನ ಕೈ ಹಿಡಿದು ಚರ್ಚಿಗೆ ಬರುತ್ತಿದ್ದಳು. ಹಾಡಿನ ಸಾಲು ಗೊತ್ತಿಲ್ಲದಿದ್ದರೂ ರಾಗ ಹಿಡಿದು ಗುನುಗುತ್ತಿದ್ದಳು. ಕಳೆದುಹೋದ ಒಂದು ಕುರಿಗಾಗಿ ಉಳಿದದ್ದನ್ನೆಲ್ಲ ಬಿಟ್ಟು ಹುಡುಕಿಹೋದ ಕುರುಬನ ಕಥೆ ಕೇಳಿದ ದಿನವಂತೂ ಮನೆಗೆ ಬಂದು, "ಅವನು ನಮ್ಮೋನು ಕಣೇ. ಕುರಿ ಕಾದೋನಿಗೇ ಗೊತ್ತು ಆ ಸಂಕ್ಟ," ಅಂದಳು. ಅಂದಿನಿಂದ ಮಲಗುವಾಗ "ಯೇಸಪ್ಪಾ" ಎಂದೇ ಮಗ್ಗುಲು ಬದಲಿಸುತ್ತಿದ್ದಳು.

ಅಮ್ಮನಿಗೆ ಆನಂದವೂ ಆಯಿತು, ಭಯವೂ ಹುಟ್ಟಿತು. ನಂಬಿ ದೀಕ್ಷಾಸ್ನಾನ ಪಡೆದವರಿಗೆ ರಕ್ಷಣೆ ಎಂಬ ಬೈಬಲಿನ ವಚನ ಅವಳು ಕಲಿತದ್ದು. ಅವ್ವ ನಂಬಿದ್ದಾಳೆ, ಸ್ನಾನವಾಗಿಲ್ಲ. ವಯಸ್ಸು ಎಂಬತ್ತರ ಹತ್ತಿರ. ಇಹದಲ್ಲಂತೂ ಇಷ್ಟು ವರ್ಷ ಅಗಲಿದ್ದೆವು, ಪರದಲ್ಲೂ ಅಗಲುವುದೇ? ಅವಳನ್ನು ಕೊರೆಯುತ್ತಿದ್ದ ಪ್ರಶ್ನೆ ಇದೊಂದೇ. ನೇರವಾಗಿ ಹೋಗಿ ನಮ್ಮ ಚರ್ಚಿನ ಪಾದ್ರಿ ಅಯ್ಯನವರನ್ನು ಹಿಡಿದಳು.

ಅಯ್ಯನವರು ಸಮಾಧಾನದ ಮನುಷ್ಯ. "ನೋಡಮ್ಮ, ಆ ವಚನದ ಎರಡನೇ ಭಾಗ ಓದ್ರಿ. ನಂಬದೆ ಹೋದೋರಿಗೆ ತೀರ್ಪು ಐತೆ ಅಂತ ಅದೆ. ನೀರು ಹಾಕಿಸ್ಕಳದೆ ಹೋದೋರಿಗೆ ಅಂತ ಇಲ್ಲ. ಯೇಸು ಪಕ್ಕದ ಶಿಲುಬೆ ಮೇಲಿದ್ದ ಕಳ್ಳನಿಗೆ ಯಾರು ಸ್ನಾನ ಮಾಡ್ಸಿದ್ರು? ಅವತ್ತೇ ಪರದೈಸು, ಆ ಸ್ವರ್ಗ, ಸಿಗಲಿಲ್ವಾ?"

"ಕಳ್ಳನ ಕೈಗೆ ಮೊಳೆ ಹೊಡ್ದಿದ್ರು ಅಯ್ಯನವ್ರೇ. ನಮ್ಮವ್ವನ ಕೈಕಾಲು ಆಡ್ತವೆ, ಮನೇಲಿ ನಲ್ಲಿ ಐತೆ," ಅಂದಳು ಅಮ್ಮ.

ಅಯ್ಯನವರು ನಕ್ಕರು. ದೀಕ್ಷಾಸ್ನಾನ ಬೇಡ ಅಂತ ತಾವು ಹೇಳುತ್ತಿಲ್ಲ, ಅದು ಕರ್ತನ ಅಪ್ಪಣೆ. ಆದರೆ ಅದು ಮೈಯ ಕೊಳೆ ತೊಳೆಯುವ ಕೆಲಸವಲ್ಲ, ಒಳ್ಳೆಯ ಮನಸ್ಸು ದೇವರ ಮುಂದೆ ಇಡುವ ಮೊರೆ ಎಂದು ಶಾಸ್ತ್ರವೇ ಹೇಳುತ್ತದೆ, ಅಜ್ಜಿ ತಾನಾಗಿ ಕೇಳಲಿ ಎಂದರು. ಅಮ್ಮ ಹ್ಞೂಂ ಎಂದಳು, ಆದರೆ ಕಾಯುವ ಜಾಯಮಾನ ಅವಳದಲ್ಲ. ಸಂತೆಗೆಂದು ಅಜ್ಜಿಯ ಜೊತೆ ಹಿರಿಯೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೀರು ಕಂಡಲ್ಲೆಲ್ಲ, ಬೈಬಲಿನ ಕಾಲದಲ್ಲಿ ರಥದಲ್ಲಿ ಹೋಗುತ್ತಿದ್ದ ಒಬ್ಬ ಅಧಿಕಾರಿ ದಾರಿಬದಿಯ ನೀರು ಕಂಡು ನನಗೆ ಸ್ನಾನವಾಗಲು ಏನಡ್ಡಿ ಎಂದು ಕೇಳಿದ ಕಥೆಯನ್ನು ಅಜ್ಜಿಯ ಕಿವಿಗೆ ಹಾಕುತ್ತಿದ್ದಳು. ಒಂದು ವಿಷಯ ಮಾತ್ರ ನಾನು ಗಮನಿಸಿದ್ದೆ. ಅವಳ ಚಿಂತೆಯೆಲ್ಲ ಅಜ್ಜಿಯದೇ. ತಾತನ ಬಗ್ಗೆ ಅಯ್ಯನವರ ಹತ್ತಿರ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಅವನ ಲೆಕ್ಕ ಅವಳ ಪಾಲಿಗೆ ಮುಗಿದುಹೋಗಿತ್ತು.

ಅಜ್ಜಿಯೂ ಮೆತ್ತಗಾಗುತ್ತಿದ್ದಳು. ಇನ್ನೇನು ಒಪ್ಪಿಯೇ ಬಿಟ್ಟಳು ಅನ್ನುವಾಗ ಒಂದು ಭಾನುವಾರ ಅಯ್ಯನವರು ದೀಕ್ಷಾಸ್ನಾನದ ಮೇಲೇ ಪ್ರಸಂಗ ಮಾಡಿದರು. ನೀರಿನೊಳಗೆ ಹೋಗುವುದು ಕ್ರಿಸ್ತನ ಜೊತೆ ಸಾಯುವುದು, ಹೂಣಲ್ಪಡುವುದು. ನೀರಿನಿಂದ ಏಳುವುದು ಅವನ ಜೊತೆ ಹೊಸ ಜೀವಕ್ಕೆ ಏಳುವುದು. ಚೆನ್ನಾಗಿಯೇ ಹೇಳಿದರು. ನನಗಂತೂ ತಾತ ಅಂದು ಕಂಬಳಿ ಕೊಡವಿ ಆಡಿದ ಮಾತು ನೆನಪಾಯಿತು. ಅವನು ತಿಳಿಯದೆ ಶಾಸ್ತ್ರದ ಅರ್ಧವನ್ನು ಹೇಳಿದ್ದ. ಏಳುವ ಅರ್ಧ ಮಾತ್ರ ಅವನಿಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದ ಅಜ್ಜಿ ಊಟಕ್ಕೂ ಕೂರದೆ, "ನಂಗೆ ಆ ಸ್ನಾನ ಬ್ಯಾಡ," ಎಂದುಬಿಟ್ಟಳು.

ಅಮ್ಮ ಸೌಟು ಕೆಳಗಿಟ್ಟಳು. "ಯಾಕವ್ವ? ಏನಾತು?"

"ಯೇಸಪ್ಪ ಬೇಕು. ಸ್ನಾನ ಬ್ಯಾಡ."

"ಹಟ ಮಾಡಬ್ಯಾಡವ್ವ. ನೀ ಇಲ್ದಿದ್ರೆ ಅಲ್ಲಿ ನಾನು ಯಾರ್ನ ನೋಡ್ಲಿ?" ಅಮ್ಮ ಅಳಲು ಶುರುಮಾಡಿದಳು. ಅಪ್ಪ ಎದ್ದು ಹೊರಗೆ ಹೋದ. ನಾನು ಅಡಿಗೆಮನೆಯ ಬಾಗಿಲಲ್ಲೇ ನಿಂತೆ.

ಅಜ್ಜಿ ಕಪ್ಪು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಕೂತಳು. ಆಮೇಲೆ, ಯಾರಿಗೂ ಹೇಳಿರದಿದ್ದನ್ನು ಹೇಳಿದಳು.

"ಅವತ್ತು ನಿಮ್ಮಪ್ಪ ಎಲ್ಲಾರ್ನೂ ಬಚ್ಚಲಿಗೆ ಕಳ್ಸಿದ. ನನ್ ಪಾಳೀನೂ ಬಂತು. ಚೊಂಬು ತುಂಬ್ದೆ. ತಲೆಗಂಟ ಎತ್ತಿದೆ. ಸುರ್ಕಂಡ್ರೆ ನೀ ಸತ್ತಂಗೆ. ಹೆತ್ತೋಳೇ ಸುರ್ಕಂಡ್ರೆ ಇನ್ ಯಾರು ನೀ ಬದುಕಿದೀಯ ಅಂತಾರೆ? ಕೈ ಬರಲಿಲ್ಲ. ಕಲ್ಲಿಗೆ ಸುರುದೆ. ಹೊರಗಿರೋರಿಗೆ ಕೇಳ್ಲಿ ಅಂತ ನನ್ ಪಾಲಿನ ನೀರೆಲ್ಲ ಬರೀ ಕಲ್ಲಿಗೇ ಸುರುದೆ. ಸೆರಗು ನೆನೆಸಿ ತಲೆಗೆ ಹೊದ್ಕಂಡು ಹೊರಗೆ ಬಂದೆ. ಯಾರಿಗೂ ಗೊತ್ತಾಗಲಿಲ್ಲ. ನಿಮ್ಮಪ್ಪನಿಗೂ."

ಅಮ್ಮ ಅಳು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು.

"ದಿನಾ ಮೈ ತೊಳ್ಕಳೋದು ಬ್ಯಾರೆ. ಸಾವಿನ ನೀರು ಬ್ಯಾರೆ. ನಿಮ್ಮ ಅಯ್ಯನವ್ರು ಇದೂ ಸಾಯೋ ನೀರೇ ಅಂತಾರೆ. ಅವತ್ತು ನಿನಗೋಸ್ಕರ ಬ್ಯಾಡ ಅಂದದ್ನ ಇವತ್ತು ಹೆಂಗೆ ಹಾಕ್ಕಳ್ಲಿ? ಹಾಕ್ಕಂಡ್ರೆ ಅವತ್ತಿಂದೂ ಸೇರಿ ಬಂದ್ಬಿಟ್ರೆ?"

ಏಳುವ ಅರ್ಧವನ್ನು ಅವಳಿಗೆ ಬಿಡಿಸಿ ಹೇಳಬಹುದಿತ್ತು. ನನಗೆ ಪಾಠ ಹೇಳುವ ಕೆಲಸ, ಮಾತಿಗೇನೂ ಬರವಿರಲಿಲ್ಲ. ಆದರೆ ಅಮ್ಮ ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ಅಜ್ಜಿಗೆ ತಟ್ಟೆ ಹಾಕಿ, ಮುದ್ದೆ ಮುರಿದು, ಸಾರು ಬಿಟ್ಟು, ಪಕ್ಕದಲ್ಲೇ ಕೂತಳು. ಆ ದಿನದ ನಂತರ ಅವಳು ಸ್ನಾನದ ಮಾತೆತ್ತಲಿಲ್ಲ. ಭಯ ಪೂರ್ತಿ ಹೋಯಿತು ಅನ್ನಲಾರೆ. ಕೆಲವು ದಿನ ಬೆಳಗಿನ ಪ್ರಾರ್ಥನೆಯಲ್ಲಿ, "ನನ್ನ ಉಳಿಸ್ಕಂಡೋಳ್ನ ನೀನು ಉಳಿಸ್ಕ ತಂದೆ," ಎಂದು ಅವಳು ಕೇಳುವುದು ನನ್ನ ಕೋಣೆಗೆ ಕೇಳಿಸುತ್ತಿತ್ತು.

ಅಜ್ಜಿ ಊರಿಗೆ ಹೋಗಬೇಕೆಂದಳು, ಹೋದಳು, ಮಾರನೇ ವರ್ಷ ಅಲ್ಲಿಯೇ ತೀರಿಕೊಂಡಳು. ಮಾವ, ಅಂದರೆ ಅಮ್ಮನ ತಮ್ಮ, ಬೆಳಿಗ್ಗೆ ಫೋನ್ ಮಾಡಿದ. ನಾವು ಹೋದಾಗ ಬಂಧುಗಳು ಅಮ್ಮನಿಗೆ ದಾರಿ ಬಿಟ್ಟರು. ತೋಟದ ಅಂಚಿನಲ್ಲಿ ತಾತನ ಪಕ್ಕಕ್ಕೆ ಮಣ್ಣು ಮಾಡಿದರು. ಹಿಂದಿರುಗಿದವರೆಲ್ಲ ಒಬ್ಬೊಬ್ಬರಾಗಿ ಬಚ್ಚಲಿಗೆ ಹೋಗತೊಡಗಿದರು. ಅಮ್ಮ ದೂರದಲ್ಲಿ, ಬೇವಿನಮರದ ಹತ್ತಿರ ನಿಂತಿದ್ದಳು. ಮಾವ ಹೋಗಿ, "ಅಕ್ಕ, ನೀನೂ ಹಾಕ್ಕ ಬಾ. ನೀರು ಕಾದೈತೆ," ಎಂದು ಕರೆದ. ಅವಳು ಬಂದಳು.

ಬಚ್ಚಲೆಂದರೆ ಹಿತ್ತಲಲ್ಲಿ ತಡಿಕೆ ಕಟ್ಟಿದ ಮರೆ, ಒಳಗೊಂದು ಚಪ್ಪಡಿ. ನಾನು ತಡಿಕೆಯ ಹೊರಗಿದ್ದ ಒಗೆಯುವ ಕಲ್ಲಿನ ಮೇಲೆ ಅವಳ ಸೀರೆ ಹಿಡಿದು ಕೂತಿದ್ದೆ. ಅಮ್ಮ ಮೊದಲ ಚೊಂಬನ್ನು ಚಪ್ಪಡಿಗೆ ಸುರಿದಳು, ಕೂರುವ ಮುಂಚೆ ನಾವೆಲ್ಲ ಕಲ್ಲನ್ನು ತೊಳೆಯುವ ಹಾಗೆ. ನೀರು ಫಟ್ಟನೆ ಬಿದ್ದು ಸಿಡಿಯಿತು. ಆಮೇಲೆ ತಲೆಗೆ ಹಾಕಿಕೊಂಡಳು. ಆ ಸದ್ದು ಮೆತ್ತಗೆ, ತಡೆದು ತಡೆದು ಇಳಿಯಿತು. ಕುರುಡರಿಗೂ ತಿಳಿಯುವಷ್ಟು ಬೇರೆ ಬೇರೆ ಸದ್ದು. ಅಜ್ಜಿ ಅಂದು ಬರೀ ಕಲ್ಲಿಗೆ ಸುರಿದದ್ದು ಹೊರಗೆ ಕೂತವರಿಗೆ ತಿಳಿಯದೇ ಇದ್ದೀತೇ?

"ಮಾವ, ಅಮ್ಮನಿಗೆ ಅಂತ ಎಲ್ಲಾರೂ ನೀರು ಹಾಕ್ಕಂಡ್ರಲ್ಲ, ಅವತ್ತು ತಾತ ಎಲ್ಲಿದ್ದ?" ಎಂದು ಕೇಳಿದೆ.

ಮಾವ ಹಂಡೆಯ ಒಲೆಯ ಸೌದೆ ಮುಂದಕ್ಕೆ ನೂಕುತ್ತಾ ಹೇಳಿದ. "ನೀ ಕುಂತಿದೀಯಲ್ಲ, ಅದೇ ಕಲ್ಲಿನ ಮ್ಯಾಲೆ. ಎಲ್ಲಾರ್ದೂ ಆಗೋಗಂಟ ಏಳಲಿಲ್ಲ. ಅವ್ವ ಹೊರಗೆ ಬಂದಾಗ ನಮ್ಮತ್ತೆ ಒಬ್ಬಳು ಸೆರಗು ಎತ್ತಿ ನೋಡಾಕೆ ಹೋದ್ಲು, ನೆತ್ತಿ ನೆಂದಿಲ್ಲ ಅಂತ ಅನುಮಾನ. ಅಪ್ಪ ಗದರಿಬಿಟ್ಟ. ಅವಳ್ದಾತು, ನೀರಿನ ಸದ್ದು ನಾನೇ ಕೇಳುಸ್ಕಂಡಿದೀನಿ, ಮುಂದಿನೋರು ಹೋಗ್ರಿ ಅಂದ."

ತಡಿಕೆಯ ಒಳಗೆ ನೀರಿನ ಸದ್ದು ನಿಂತಿತು. ತುಂಬ ಹೊತ್ತಾದರೂ ಅಮ್ಮ ಸೀರೆಗಾಗಿ ಕೈ ಚಾಚಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ತುರುಬು ಬಿಚ್ಚಿ ಕೂತಳು. ಕಿಟಕಿಯ ಗಾಳಿಗೆ ಕೂದಲು ಒಣಗುತ್ತಿತ್ತು. ಭಾನುವಾರ ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ, ಬಾಗಿಲಿಗೆ ಬೀಗ ಹಾಕುತ್ತಿದ್ದ ಅಯ್ಯನವರ ಹತ್ತಿರ ಹೋಗಿ ನಿಂತಳು. ಅಜ್ಜಿಯ ವಿಷಯ ಕೇಳುತ್ತಾಳೆಂದು ಅವರೂ ಅಂದುಕೊಂಡಿರಬೇಕು, ಮುಖದಲ್ಲಿ ಆಗಲೇ ಸಮಾಧಾನ ಸಿದ್ಧವಾಗಿತ್ತು.

"ಅಯ್ಯನವ್ರೇ," ಅಂದಳು ಅಮ್ಮ, "ನಮ್ಮಪ್ಪಂದು ಹೆಂಗೆ?"

ಅಯ್ಯನವರು ಬೀಗವನ್ನು ಕೈಯಲ್ಲೇ ಹಿಡಿದು ಬಾಗಿಲನ್ನು ಮತ್ತೆ ತೆರೆದರು. "ಒಳಗೆ ಬರ್ರಿ, ಕುಂತ್ಕಳ್ರಿ," ಅಂದರು.