ಸೇತುವೆಯ ಈಚೆ ಸಿಕ್ಕಿಬಿದ್ದ ಸರ್ವರ್‌ಗಳು

ಹೋದ ವರ್ಷ ದುರ್ಗಾಪೂಜೆಗೆ ಇನ್ನೊಂದು ವಾರವಿತ್ತು. ಕೋಲ್ಕತ್ತದ ಯಾವ ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತವಿದೆ ಎಂದು ಆಸ್ಪತ್ರೆಗಳಿಗೆ ತೋರಿಸುವ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಐದು ಸರ್ವರ್‌ಗಳಲ್ಲಿ ಒಂದೇ ಮಾಹಿತಿ ಇರುತ್ತದೆ. ಮೂರು ಓಡುತ್ತಿದ್ದರೆ ಸಾಕು. ಎರಡಕ್ಕಿಳಿದರೆ ಎಲ್ಲವೂ ಸ್ತಬ್ಧ. ಸೇವೆ ನಿಲ್ಲಿಸದೆ, ಒಂದೊಂದಾಗಿ, ಅವನ್ನು ಡಮ್ ಡಮ್‌ನಿಂದ ನದಿಯಾಚೆ ಹೌರಾದ ಹೊಸ ಕಚೇರಿಗೆ ಸಾಗಿಸಬೇಕಿತ್ತು.

ಮೊದಲನೆಯದು ಸುಸೂತ್ರವಾಗಿ ಹೋಗಿ ಅಲ್ಲಿ ಓಡತೊಡಗಿತು. ಅಷ್ಟಕ್ಕೇ ನನಗೆ ಕೊಂಬು ಬಂತು. ಪೂಜೆಯ ನೂಕುನುಗ್ಗಲಿಗೆ ಮುಂಚೆ ಮುಗಿಸೋಣವೆಂದು ಎರಡನ್ನು ಒಟ್ಟಿಗೇ ವ್ಯಾನಿಗೆ ಹಾಕಿಸಿದೆ.

"ಒಂದೊಂದ ಒಯ್ಯೋಣ ಬಿಡವಾ. ಉಳಿದ ಮೂರರಾಗ ಒಂದು ಕೈ ಕೊಟ್ರ ಏನ್ ಮಾಡ್ತಿ?" ಎಂದರು ನಮ್ಮ ಹಿರಿಯರು, ಧಾರವಾಡದ ಕುಲಕರ್ಣಿ ಸರ್.

"ಒಂದು ಗಂಟೆ ತಾನೆ ಸರ್, ಏನೂ ಆಗಲ್ಲ" ಎಂದೆ. ಅವರು ತಾವೇ ವ್ಯಾನ್ ಹತ್ತಿದರು.

ಸ್ವಲ್ಪ ಹೊತ್ತಿಗೆ ಡಮ್ ಡಮ್‌ನಲ್ಲಿ ಉಳಿದಿದ್ದ ಎರಡರಲ್ಲಿ ಒಂದು ಕಾದು ಕೂಗಿಕೊಳ್ಳತೊಡಗಿತು. ಒಳಗಿನ ಫ್ಯಾನ್ ನಿಂತುಹೋಗಿತ್ತು. ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನ್ ಎದುರಿಗಿಟ್ಟು ಸರ್‌ಗೆ ಫೋನ್ ಮಾಡಿದೆ. ಪೆಂಡಾಲಿನ ಬಿದಿರು ಹೇರಿದ್ದ ಲಾರಿಯೊಂದು ಹೌರಾ ಸೇತುವೆಯ ಮುಂದೆ ಕೆಟ್ಟು ನಿಂತು, ವ್ಯಾನ್ ಅಲ್ಲಾಡುತ್ತಿರಲಿಲ್ಲ.

ಅವರು ಬೈಯಲಿಲ್ಲ. "ಒಂದು ಮಶೀನ್ ಹಮಾಲನ ತಲಿ ಮ್ಯಾಲ ಹೊರಿಸ್ಕೊಂಡು ಲಾಂಚಿಗೆ ಹೊಂಟೇನಿ. ಹೊಳಿ ದಾಟೋತನಕ ಅದನ್ನ ಸಾಯಗೊಡಬ್ಯಾಡ" ಎಂದರು.

ಮುಕ್ಕಾಲು ಗಂಟೆ ಅದನ್ನು ಹೇಗೋ ಎಳೆದೆ. ಆಮೇಲೆ ಅದು ಆರಿಹೋಯಿತು. ಆಗಲೇ ಹೆರಿಗೆ ಆಸ್ಪತ್ರೆಯೊಂದರ ನರ್ಸ್ ಫೋನ್ ಮಾಡಿದರು.

"ದೀದಿ, ಓ ನೆಗೆಟಿವ್ ಎಲ್ಲಿದೆ? ಬಾಣಂತಿಗೆ ರಕ್ತ ನಿಲ್ತಾ ಇಲ್ಲ. ನಿಮ್ಮ ಸ್ಕ್ರೀನ್ ಏನೂ ತೋರಿಸ್ತಿಲ್ಲ" ಎಂದು ಹಿಂದಿಯಲ್ಲಿ ಹೇಳಿದರು.

ಆ ಫೋನನ್ನು ಹಿಡಿದುಕೊಂಡೇ ಇನ್ನೊಂದರಿಂದ ರಕ್ತನಿಧಿಗಳಿಗೆ ಕರೆ ಮಾಡಿದೆ. ಒಂದು ಕಡೆ ಇಲ್ಲವೆಂದರು, ಎರಡು ಕಡೆ ಎತ್ತಲೇ ಇಲ್ಲ. ಹೆಸರೂ ಗೊತ್ತಿಲ್ಲದ ಆ ಬಾಣಂತಿ ನನ್ನ ಅವಸರಕ್ಕೆ ಸಾಯುತ್ತಾಳೆ ಎಂದೇ ಅನ್ನಿಸಿತು.

ಏಳು ನಿಮಿಷವಾದ ಮೇಲೆ ಪರದೆಯ ಮೇಲೆ ಮೂರನೆಯ ಸರ್ವರ್ ಹಸಿರಾಯಿತು. ಸರ್ ಹೌರಾ ತಲುಪಿ ಯಂತ್ರ ಜೋಡಿಸಿದ್ದರು.

"ಬಂತು ದೀದಿ, ಪಕ್ಕದ ರಸ್ತೆಯಲ್ಲೇ ಇದೆ" ಎಂದು ನರ್ಸ್ ಫೋನಿಟ್ಟರು.

ಸಂಜೆ ಅವರೇ ಮತ್ತೆ ಕರೆ ಮಾಡಿದರು. ತಾಯಿ ಉಳಿದಿದ್ದಳು. "ನೀವು ಲೈನ್ ಬಿಡದೆ ಜೊತೆಗಿದ್ರಿ, ಆಕೆಯ ಮನೆಯವರು ನಿಮಗೆ ಕೈ ಮುಗಿದಿದ್ದಾರೆ" ಎಂದರು. ತಪ್ಪು ನನ್ನದೇ ಎನ್ನಲು ಬಾಯಿ ತೆರೆದೆ. ಆದರೆ "ಪರವಾಗಿಲ್ಲ" ಎಂದುಬಿಟ್ಟೆ. ಆ ಒಂದು ಮಾತಿಗೆ ಇವತ್ತಿಗೂ ನಾಚುತ್ತೇನೆ.